ಬಟ್ಟೆ ಟಾಪ್ ಗಾಡಿಯೊಳಗೆ ಮಳೆ ನೀರು, ಎಲ್ಲಿಂದ ಬರ್ತಿದೆ ಅಂತಲೇ ಗೊತ್ತಾಗ್ತಿಲ್ಲ

ಮಡಗಾಂವ್_ಮಳೆ

ನಮಸ್ಕಾರ್ರೀ ಎಲ್ಲರಿಗೂ. ಊರು ಹುಬ್ಬಳ್ಳಿ, ಕೆಲಸ ಮಡಗಾಂವ್‌ನಲ್ಲಿ. ಹೋದ ಡಿಸೆಂಬರ್‌ನಲ್ಲಿ ಆಸೆಪಟ್ಟು ಒಂದು ಹಳೇ ಕನ್ವರ್ಟಿಬಲ್ ತಗೊಂಡೆ. ಎರಡೇ ಸೀಟು, ಬಟ್ಟೆ ಟಾಪ್, ಹನ್ನೆರಡು ವರ್ಷದ ಗಾಡಿ. ಚಳಿಗಾಲ ಪೂರ್ತಿ ಟಾಪ್ ಇಳಿಸಿಕೊಂಡು ಕೋಲ್ವಾ, ಬೆನೌಲಿಂ ಅಂತ ಸುತ್ತಿದ್ದೇ ಸುತ್ತಿದ್ದು. ಮಳೆಗಾಲ ಅಂತ ಒಂದಿದೆ ಅನ್ನೋದೇ ಮರೆತುಹೋಗಿತ್ತು.

ಮೃಗಶಿರಾ ಮಳೆ ಶುರುವಾದ ವಾರಕ್ಕೇ ಎಡಗಡೆ ಸೀಟಿನವರು ಕಾಲಿಡುವ ಜಾಗ ಒದ್ದೆ. ಈಗ ಆರಿದ್ರಾ ನಡೀತಿದೆ, ಮ್ಯಾಟ್ ಎತ್ತಿ ಕಾರ್ಪೆಟ್ ಮೇಲೆ ಬೆರಳು ಒತ್ತಿದರೆ ಸುತ್ತ ನೀರು ಉಕ್ಕುತ್ತದೆ, ಸಾಂಬಾರಲ್ಲಿ ನೆನೆದ ಇಡ್ಲಿ ಒತ್ತಿದ ಹಾಗೆ. ಬಲಗಡೆ ಒಣಗಿದೆ. ಡಿಕ್ಕಿಯೂ ಒಣಗಿದೆ. ಟಾಪ್‌ನ ಬಟ್ಟೆ ಒಳಗಿನಿಂದ ಮುಟ್ಟಿ ನೋಡಿದೆ, ಅದೂ ಒಣ. ಮುಗ್ಗಲು ವಾಸನೆ ಮಾತ್ರ ಬಾಗಿಲು ತೆಗೆದ ಕೂಡಲೇ ಮೂಗಿಗೆ ಹೊಡೆಯುತ್ತದೆ, ಹೆಂಡತಿ ಈ ಗಾಡಿ ಹತ್ತೋದೇ ಬಿಟ್ಟಿದ್ದಾಳೆ.

ಒಂದು ಗ್ಯಾರೇಜ್‌ಗೆ ತೋರಿಸಿದೆ. ಮುಂದಿನ ಗಾಜಿನ ಸುತ್ತ ಸಿಲಿಕೋನ್ ಬಳಿದು 1,800 ರೂಪಾಯಿ ತಗೊಂಡರು. ಮರುದಿನದ ಮಳೆಗೆ ಮತ್ತೆ ಅದೇ ಕಥೆ. ಈಗ ಪೂರ್ತಿ ಟಾಪ್ ಬದಲಿಸಿ ಅಂತಿದ್ದಾರೆ, ಅವರು ಹೇಳಿದ ರೇಟು ಕೇಳಿ ಕೈಯಲ್ಲಿದ್ದ ಚಹಾ ತಣ್ಣಗಾಯಿತು. ನಿಜವಾಗಲೂ ಬದಲಿಸಬೇಕಾ?

ಕುರ್ಲಾ_ಪಾನಾ

ಟಾಪ್ ತಂಟೆಗೆ ಸದ್ಯಕ್ಕೆ ಹೋಗಬೇಡಿ ಮಾರಾಯ್ರೇ. ಬಟ್ಟೆ ಒಳಗಿನಿಂದ ಒಣಗಿದೆ ಅಂತ ನೀವೇ ಹೇಳ್ತಿದ್ದೀರಲ್ಲ. ಹೊಲಿಗೆ ಬಿಟ್ಟಿದ್ದರೆ, ಹಿಂದಿನ ಗಾಜಿನ ಅಂಟು ಬಿಟ್ಟಿದ್ದರೆ ಕಣ್ಣಿಗೇ ಕಾಣುತ್ತದೆ. ನಾನು ಕುರ್ಲಾದಲ್ಲಿ ಗಾಡಿಗಳ ಒಳಗಿನ ಕೆಲಸ ಮಾಡುವವನು, ಟಾಪ್ ಸೋರುತ್ತೆ ಅಂತ ನನ್ನ ಹತ್ತಿರ ಬಂದ ಗಾಡಿಗಳಲ್ಲಿ ಬಟ್ಟೆಯೇ ಸೋರಿದ್ದು ತುಂಬಾ ಕಡಿಮೆ.

ಮೊದಲು ಅದು ಮಳೆ ನೀರು ಹೌದಾ ಅಂತ ನೋಡಿ. ಎಡಗಡೆ ಕಾಲಿನ ಹತ್ತಿರ ಒದ್ದೆ ಅಂದರೆ ನನಗೆ ಮೊದಲ ಅನುಮಾನ ಎಸಿ ಮೇಲೆ. ಅದರೊಳಗೆ ಇಳಿಯುವ ನೀರು ಒಂದು ಸಣ್ಣ ಪೈಪಿನಲ್ಲಿ ಗಾಡಿ ಕೆಳಗೆ ಹೋಗಬೇಕು, ಪೈಪ್ ಕಟ್ಟಿಕೊಂಡರೆ ಸೀದಾ ಕಾರ್ಪೆಟ್‌ಗೆ ಬರುತ್ತದೆ. ಮಳೆ ಇಲ್ಲದಾಗ ಒಣಗಿದ ನೆಲದಲ್ಲಿ ಗಾಡಿ ನಿಲ್ಲಿಸಿ 20 ನಿಮಿಷ ಎಸಿ ಹಾಕಿ. ಕೆಳಗೆ ತೊಟ್ಟಿಕ್ಕಿದರೆ ಆ ಪೈಪ್ ಸರಿ ಉಂಟು. ನೀರು ಜಿಗುಟಾಗಿ ಸಿಹಿ ವಾಸನೆ ಬಂದರೆ ಕೂಲಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವ, ಅದು ಬೇರೆಯೇ ತಲೆನೋವು. ಆಮೇಲೆ ಬಾನೆಟ್ ಎತ್ತಿ ವೈಪರ್ ಬುಡದ ಜಾಲರಿ ಕೆಳಗೆ ಕೈ ಹಾಕಿ, ಎಲೆ ತುಂಬಿದೆಯಾ ನೋಡಿ. ಅಲ್ಲಿ ನೀರು ನಿಂತರೆ ಒಳಗೆ ಗಾಳಿ ಊದುವ ಬ್ಲೋವರ್ ಕಡೆಯಿಂದ ಒಳಗೆ ಬರಬಹುದು.

ಆ ಸಿಲಿಕೋನ್ ಕಿತ್ತು ಹಾಕಿ. ಸೋರುವ ಜಾಗ ಗೊತ್ತಿಲ್ಲದೆ ಬಳಿದರೆ ನೀರು ಹೊರಗೆ ಹೋಗುವ ದಾರಿಯೂ ಮುಚ್ಚಿಹೋಗಬಹುದು.

ಅಂಧೇರಿ_90

ದಪ್ಪ ಟಾರ್ಪಾಲ್ ಹೊದಿಸಿ ಅಕ್ಟೋಬರ್‌ವರೆಗೆ ಮಲಗಿಸಿಬಿಡಿ ಗುರು. ಗೋವಾ ಮಳೆಯಲ್ಲಿ ಓಪನ್ ಕಾರ್ ಯಾಕೆ ಬೇಕು, ಬಸ್ ಇಲ್ವಾ?

ಕೋಥ್ರೂಡ್_ಕಾವೇರಿ

ಟಾರ್ಪಾಲ್ ಮಾತ್ರ ಬೇಡ. ಒಳಗಿನ ಒದ್ದೆ ಹೊರಗೆ ಹೋಗೋಕೆ ದಾರಿ ಸಿಗದೆ ತಿಂಗಳೊಳಗೆ ಸೀಟು ಬೂಷ್ಟು ಹಿಡಿಯುತ್ತದೆ, ನನ್ನದು ಹಿಡಿದಿತ್ತು.

ಸರ್, ಒಂದು ಪ್ರಶ್ನೆ. ಗಾಡಿ ಎಲ್ಲಿ ನಿಲ್ಲಿಸ್ತೀರಿ? ಇಳಿಜಾರಾ? ಮೂತಿ ಕೆಳಗಾ? ಮೇಲೆ ಮರ ಇದೆಯಾ? ಯಾಕೆ ಕೇಳ್ತಿದ್ದೀನಿ ಅಂದರೆ, ಈ ಥರ ತುಂಬಾ ಗಾಡಿಗಳಲ್ಲಿ ಟಾಪ್ ಮೇಲೆ ಬಿದ್ದ ನೀರು ಹಿಂದಕ್ಕೆ ಜಾರಿ, ಸೀಟಿನ ಹಿಂದೆ ಟಾಪ್ ಮಡಚಿ ಕೂರುವ ಜಾಗದ ಅಂಚಿನಲ್ಲಿರುವ ಒಂದು ಕಾಲುವೆಗೆ ಬೀಳುತ್ತದೆ. ಅಲ್ಲಿಂದ ಎಡಕ್ಕೊಂದು ಬಲಕ್ಕೊಂದು ರಬ್ಬರ್ ಪೈಪ್, ಹಿಂದಿನ ಚಕ್ರದ ಮುಂದೆ ನೆಲಕ್ಕೆ ಬಿಡುತ್ತದೆ. ಆ ಪೈಪ್ ಕಟ್ಟಿದರೆ ಕಾಲುವೆ ತುಂಬಿ ಒಳಗೆ ಚೆಲ್ಲುತ್ತದೆ, ಚೆಲ್ಲಿದ್ದು ಕಾರ್ಪೆಟ್ ಅಡಿಯಲ್ಲೇ ಇಳಿಜಾರು ಹಿಡಿದು ಮುಂದಕ್ಕೆ ಹೋಗುತ್ತದೆ. ನಾವು ಮುಂದೆ ನೀರು ನೋಡಿ ಮುಂದಿನ ಗಾಜಿಗೆ ಬೈತಾ ಕೂರ್ತೀವಿ.

ಪರೀಕ್ಷೆ ಮಾಡೋಕೆ ಇಬ್ಬರು ಬೇಕು. ಒಬ್ಬರು ಟಾರ್ಚ್ ಹಿಡಿದು ಒಳಗೆ. ಇನ್ನೊಬ್ಬರು ಹೊರಗೆ ತೋಟದ ಪೈಪ್ ಹಿಡಿದು. ತುದಿಗೆ ನಾಜಲ್ ಬೇಡ, ನೀರು ಸುಮ್ಮನೆ ಹರಿಯಲಿ. ಪ್ರೆಶರ್ ವಾಷರ್ ಅಂತೂ ಬೇಡವೇ ಬೇಡ, ಸೋರದ ಜಾಗದಲ್ಲೂ ನುಗ್ಗಿಸಿಬಿಡುತ್ತದೆ. ಒಂದು ಜಾಗಕ್ಕೆ ಹತ್ತು ನಿಮಿಷ ಕೊಡಿ, ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಬನ್ನಿ. ಮೇಲಿನಿಂದ ಸುರಿದರೆ ಎಲ್ಲಾ ಕಡೆ ಒದ್ದೆಯಾಗಿ ಏನೂ ಗೊತ್ತಾಗಲ್ಲ. ಬಾಗಿಲಿನ ಬೀಡಿಂಗ್‌ಗೆ, ಅಂದರೆ ಅಂಚಿನ ರಬ್ಬರ್ ಪಟ್ಟಿಗೆ, ಮೊದಲೇ ಸ್ವಲ್ಪ ಪೌಡರ್ ಉದುರಿಸಿ, ನೀರು ದಾಟಿದ್ದರೆ ಗೆರೆ ಬೀಳುತ್ತದೆ.

ಕಾಲುವೆಯ ಎರಡೂ ತೂತಿಗೆ ಅರ್ಧರ್ಧ ಲೀಟರ್ ನಿಧಾನಕ್ಕೆ ಸುರಿದು ಕೆಳಗೆ ಬರುತ್ತಾ ನೋಡೋದನ್ನ ಮರೀಬೇಡಿ. ನನ್ನ ಗಾಡಿಯಲ್ಲಿ ಇಷ್ಟರಲ್ಲೇ ಉತ್ತರ ಸಿಕ್ಕಿತ್ತು, ಅದಕ್ಕೆ ಮೊದಲು ಎರಡು ಮಳೆಗಾಲ ದಂಡ ಮಾಡಿದ್ದೆ.

ಮಡಗಾಂವ್_ಮಳೆ

ಮೇಡಂ, ನೀವೇನು ನಮ್ಮ ಗೇಟಿನ ಹತ್ತಿರ ನಿಂತು ಬರೆದಿರಾ? ಇಳಿಜಾರು ಹೌದು, ಮೂತಿ ಕೆಳಗೆ ಹೌದು, ಮೇಲೆ ಗುಲ್‌ಮೊಹರ್ ಮರ!

ಎಸಿ ಪೈಪ್ ಸರಿ ಇದೆ, ಟಪ ಟಪ ಅಂತ ಬೀಳುತ್ತದೆ. ವೈಪರ್ ಬುಡದಲ್ಲಿ ಒಂದಿಷ್ಟು ಎಲೆ ಸಿಕ್ಕಿತು, ಆದರೆ ನೀರು ನಿಂತಿರಲಿಲ್ಲ. ಭಾನುವಾರ ಮಧ್ಯಾಹ್ನ ಸ್ವಲ್ಪ ಹೊತ್ತು ಮಳೆ ಬಿಟ್ಟಿತ್ತು, ಹೆಂಡತಿಯನ್ನು ಪುಸಲಾಯಿಸಿ ಟಾರ್ಚ್ ಕೊಟ್ಟು ಒಳಗೆ ಕೂರಿಸಿದೆ. ಬಾಗಿಲಿಗೆ ಹತ್ತು ನಿಮಿಷ, ಕಿಟಕಿ ಗಾಜಿನ ಮುಂದಿನ ಮೂಲೆಯಲ್ಲಿ ಎರಡು ಹನಿ ಬಂತು ಅಷ್ಟೇ. ಮುಂದಿನ ಗಾಜಿಗೆ ಹತ್ತು ನಿಮಿಷ, ಏನೂ ಇಲ್ಲ. ಟಾಪ್ ಹಿಂದಿನ ಅಂಚಿಗೆ ಪೈಪ್ ಹಿಡಿದು ಐದು ನಿಮಿಷ ಆಗಿರಲಿಲ್ಲ, ಒಳಗಿನಿಂದ ಕೂಗು: "ರೀ, ಸೀಟಿನ ಹಿಂದೆ ಕೆರೆ ಆಗೇತಿ!"

ಬಲಗಡೆ ತೂತಿಗೆ ನೀರು ಸುರಿದರೆ ತಕ್ಷಣ ಕೆಳಗೆ ಬಂತು. ಎಡಗಡೆ ಸುರಿದದ್ದು ಅಲ್ಲೇ ನಿಂತು ನನ್ನ ಮುಖ ನೋಡಿತು. ಹುಲ್ಲು ಕತ್ತರಿಸುವ ಮಷಿನ್‌ನ ನೈಲಾನ್ ದಾರ ಇತ್ತು, ತುದಿ ಸ್ವಲ್ಪ ಸುಟ್ಟು ದುಂಡಗೆ ಮಾಡಿ ನಿಧಾನಕ್ಕೆ ತಿರುಗಿಸುತ್ತಾ ತಳ್ಳಿದೆ. ಒಂದು ಅಡಿ ಹೋದ ಮೇಲೆ ಮೆತ್ತಗೆ ಏನೋ ತಗುಲಿತು. ಎಳೆದಾಗ ಕಪ್ಪು ರಾಡಿ, ಅದರೊಳಗೆ ಗುಲ್‌ಮೊಹರ್‌ನ ಆ ಅಕ್ಕಿಕಾಳಿನಷ್ಟು ಎಲೆಗಳು, ಗೊಜ್ಜಿನ ಹಾಗೆ. ನಾಲ್ಕೈದು ಸಲ ಮಾಡಿದ ಮೇಲೆ ಗಳಗಳ ಅಂತ ಇಳಿಯಿತು. ಆ ಶಬ್ದ ಕೇಳಿ ಇಬ್ಬರೂ ಚಪ್ಪಾಳೆ ಹೊಡೆದೆವು, ಪಕ್ಕದ ಮನೆಯವರು ಬಂದು ಇಣುಕಿದರು.

ಈಗ ಎರಡು ಡೌಟು. ಕಾರ್ಪೆಟ್ ಹಾಗೇ ಒಣಗುತ್ತಾ? ಆ ಗಾಜಿನ ಮೂಲೆಗೆ ಏನು ಮಾಡಲಿ?

ಕುರ್ಲಾ_ಪಾನಾ

ಹಾಗೇ ಒಣಗಲ್ಲ. ಕಾರ್ಪೆಟ್ ಅಡಿಯಲ್ಲಿ ದಪ್ಪ ಫೋಮ್ ಉಂಟು, ಅದು ಸ್ಪಂಜು. ಮೇಲೆ ಮುಟ್ಟಿದರೆ ಒಣ, ಕೆಳಗೆ ಹದಿನೈದು ದಿನದ ನೀರು. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಬಿದ್ದಿತ್ತಲ್ಲ, ಆಗ ನಾನು ಕೆಲಸ ಕಲಿಯುವ ಹುಡುಗ. ಫೋಮ್ ತೆಗೆಯದೆ ಬರೀ ಬಿಸಿಲಿಗೆ ಇಟ್ಟು ತಗೊಂಡು ಹೋದ ಗಾಡಿಗಳು ದೀಪಾವಳಿ ಹೊತ್ತಿಗೆ ವಾಪಸ್ ಬಂದವು. ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು, ಫ್ಲೋರ್ ತುಕ್ಕು. ಸೀಟು ಬಿಚ್ಚಿ, ಫೋಮ್ ಎತ್ತಿ ಹಿಂಡಿ, ಫ್ಯಾನ್ ಕೆಳಗೆ ಇಡಿ. ಸೀಟಿನ ಅಡಿಯಲ್ಲಿ ಹಳದಿ ಕನೆಕ್ಟರ್ ಇದ್ದರೆ ಅದು ಏರ್‌ಬ್ಯಾಗಿನದು, ಬ್ಯಾಟರಿ ಕಳಚಿ ಸ್ವಲ್ಪ ಹೊತ್ತು ಬಿಡದೆ ಮುಟ್ಟಬೇಡಿ.

ಇನ್ನೊಂದು, ಪೈಪಿಗೆ ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಬೇಡಿ. ಒಳಗೆ ಜೋಡಣೆ ಕಳಚಿದರೆ ನೀರೆಲ್ಲಾ ಒಳಗೇ.

ಕೋಥ್ರೂಡ್_ಕಾವೇರಿ

ಗಾಜಿನ ಮೂಲೆಗೆ ಹತ್ತು ರೂಪಾಯಿ ನೋಟು ಸಾಕು. ಬೀಡಿಂಗ್ ಮತ್ತು ಗಾಜಿನ ಮಧ್ಯೆ ಇಟ್ಟು ಬಾಗಿಲು ಹಾಕಿ, ಎಳೆಯಿರಿ. ಬಿಗಿಯಾಗಿ ಬರಬೇಕು. ಸಲೀಸಾಗಿ ಬಂದರೆ ಅಲ್ಲಿ ಒತ್ತಡ ಇಲ್ಲ. ಮೊದಲು ಬೀಡಿಂಗ್ ಸೋಪು ನೀರಲ್ಲಿ ಒರೆಸಿ ಒಣಗಿಸಿ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ, ಎಷ್ಟೋ ಸಲ ರಬ್ಬರ್ ಮತ್ತೆ ಉಬ್ಬಿ ಸರಿಹೋಗುತ್ತದೆ. ವ್ಯಾಸಲಿನ್, ಇಂಜಿನ್ ಆಯಿಲ್ ಬೇಡ, ರಬ್ಬರ್ ಹಾಳು. ಆಗದಿದ್ದರೆ ಡೋರ್ ಪ್ಯಾಡ್ ಬಿಚ್ಚಿ ಗಾಜನ್ನು ಒಳಮುಖಕ್ಕೆ ಸ್ವಲ್ಪ ಸರಿಸಬೇಕು. ಬಿಚ್ಚಿದಾಗ ಒಳಗಿನ ಪ್ಲಾಸ್ಟಿಕ್ ಶೀಟ್ ಹರಿಯದ ಹಾಗೆ ನೋಡಿಕೊಳ್ಳಿ, ಅದು ಹರಿದರೆ ಬಾಗಿಲಿನಿಂದಲೇ ಹೊಸ ಸೋರಿಕೆ.

ಮಡಗಾಂವ್_ಮಳೆ

ನೋಟು ಬೆಣ್ಣೆ ಎಳೆದ ಹಾಗೆ ಬಂತು. ಗ್ರೀಸ್ ತರೋಕೆ ಹೊರಟಿದ್ದೀನಿ, ಈ ಸಲ ಬಸ್ಸಲ್ಲೇ. ಸೀಟೆರಡೂ ಹಾಲ್‌ನಲ್ಲಿವೆ, ಮಗ ಅದರ ಮೇಲೆ ಕೂತು ಟಿವಿ ನೋಡ್ತಿದ್ದಾನೆ.