ಮರಿ ಕಕ್ಕದಲ್ಲಿ ಹುಳ ಬಂತು, ಮನೆಯಲ್ಲಿ ಚಿಕ್ಕ ಮಗು ಇದೆ, ನಾಯೀನ ವಾಪಸ್ ಕೊಡಬೇಕಾ?

ಹೊಸಮರಿ:
ಎರಡು ತಿಂಗಳ ಮರಿ ತಂದಿದ್ದೇವೆ. ಇವತ್ತು ಅದರ ಕಕ್ಕದಲ್ಲಿ ಬಿಳಿ ಹುಳ ಕಂಡಿತು, ಬೆರಳುದ್ದ, ಎರಡೂ ತುದಿ ಚೂಪು, ಇನ್ನೂ ಅಲ್ಲಾಡುತ್ತಿತ್ತು. ಮೈ ಸಣಕಲು, ಹೊಟ್ಟೆ ಮಾತ್ರ ಡುಮ್ಮಗಿದೆ. ಮಗಳಿಗಿನ್ನೂ ಎರಡು ವರ್ಷ ತುಂಬಿಲ್ಲ, ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ತಾಳೆ, ಮರಿ ಬೇರೆ ಅವಳ ಮುಖ ನೆಕ್ಕುತ್ತೆ. ಅತ್ತೆ ನಾಯೀನ ವಾಪಸ್ ಕೊಟ್ಟುಬಿಡಿ ಅಂತಿದ್ದಾರೆ. ಬೆಳ್ಳುಳ್ಳಿ ತಿನ್ನಿಸಿದರೆ ಹುಳ ಹೋಗುತ್ತೆ ಅಂತ ಯಾರೋ ಹೇಳಿದರು. ನಿಜಾನಾ?

ಬಾಲದವನು:
ಬೆಳ್ಳುಳ್ಳಿ ಮಾತ್ರ ಬೇಡವೇ ಬೇಡ. ಈರುಳ್ಳಿ, ಬೆಳ್ಳುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣ ಹಾಳು ಮಾಡುತ್ತವೆ. ಹುಳ ಸಾಯಲ್ಲ, ಮರಿ ಸೊರಗುತ್ತೆ. ಮರಿಯನ್ನು ತೂಕ ಮಾಡಿಸಿ ಡಾಕ್ಟ್ರ ಹತ್ರ ಔಷಧಿ ತಗೊಳ್ಳಿ, ಡೋಸ್ ತೂಕದ ಮೇಲೆ.

ಪಶುವೈದ್ಯೆ:
ನೀವು ಹೇಳಿದ್ದು ಜಂತುಹುಳದ ಹಾಗೇ ಇದೆ, ಟಾಕ್ಸೊಕಾರಾ ಕ್ಯಾನಿಸ್. ಇದು ನಿಮ್ಮ ಮನೆ ಗಲೀಜಿನಿಂದ ಬಂದಿದ್ದಲ್ಲ. ತಾಯಿನಾಯಿಯ ಮಾಂಸಖಂಡದಲ್ಲಿ ಸುಮ್ನೆ ಮಲಗಿರುವ ಮರಿಹುಳಗಳು ಅದು ಗರ್ಭ ಧರಿಸಿದಾಗ ಎದ್ದು ಹೊಟ್ಟೆಯಲ್ಲಿರುವ ಮರಿಗಳಿಗೇ ಸೇರಿಬಿಡುತ್ತವೆ, ಆಮೇಲೆ ಹಾಲಿನಲ್ಲೂ ಒಂದಿಷ್ಟು ಹೋಗುತ್ತವೆ. ಹಾಗಾಗಿ ಹೆಚ್ಚಿನ ಮರಿಗಳು ಹುಳದ ಜೊತೆಗೇ ಹುಟ್ಟುತ್ತವೆ ಅಂದುಕೊಂಡೇ 2, 4, 6, 8ನೇ ವಾರ ಔಷಧಿ ಕೊಡುವುದು. ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ದೊಡ್ಡದಾದ ಮೇಲೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ. ಒಂದೇ ಸಲ ಕೊಟ್ಟು ಮುಗೀತು ಅಂತ ಬಿಡಬೇಡಿ. ಔಷಧಿ ಕರುಳಿನಲ್ಲಿರುವ ಹುಳವನ್ನು ಕೊಲ್ಲುತ್ತೆ, ಮೈಯಲ್ಲಿ ಓಡಾಡುತ್ತಿರುವ ಮರಿಹುಳ ಆಮೇಲೆ ಕರುಳಿಗೆ ಬರುತ್ತೆ. ಔಷಧಿ ಕೊಟ್ಟ ಮೇಲೆ ಇನ್ನೂ ಜಾಸ್ತಿ ಹುಳ ಬೀಳಬಹುದು, ಗಾಬರಿಯಾಗಬೇಡಿ. ಮರಿ ವಾಂತಿ ಮಾಡುತ್ತಾ ಊಟ ಬಿಟ್ಟಿದ್ದರೆ ಮಾತ್ರ ತಕ್ಷಣ ಕರೆದುಕೊಂಡು ಹೋಗಿ.

ಇನ್ನು ಮಗುವಿನ ವಿಷಯ. ಆಗ ತಾನೇ ಬಿದ್ದ ಕಕ್ಕದಲ್ಲಿರುವ ಜಂತುಹುಳದ ಮೊಟ್ಟೆಯಿಂದ ಸೋಂಕು ತಗಲುವುದಿಲ್ಲ. ಅದರೊಳಗೆ ಮರಿಹುಳ ಬೆಳೆಯಲು 1ರಿಂದ 4 ವಾರ ಬೇಕು. ಆಮೇಲೆ ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತೆ, ಫಿನಾಯಿಲ್‌ಗೆಲ್ಲ ಬಗ್ಗಲ್ಲ. ಹಾಗಾಗಿ ಭಯ ಮರಿಯ ನಾಲಿಗೆಗಿಂತ ಅಂಗಳದ ಹಳೇ ಮಣ್ಣಿನದ್ದು. ದಿನಾ ಕಕ್ಕ ಎತ್ತಿ ಹಾಕಿ, ಮಗು ಆಡಿ ಬಂದ ಮೇಲೆ ಉಗುರು ಸಮೇತ ಕೈ ತೊಳೆಸಿ, ಆಟದ ಮರಳು ಇದ್ದರೆ ರಾತ್ರಿ ಮುಚ್ಚಿಡಿ. ಇಷ್ಟು ಮಾಡಿದರೆ ವಾಪಸ್ ಕೊಡುವ ಅಗತ್ಯ ಇಲ್ಲ. (ಮುಖ ನೆಕ್ಕಿಸುವುದು ಹೇಗೂ ಒಳ್ಳೇದಲ್ಲ, ಅದು ಬೇರೆ ಮಾತು.)

ಬರಿಗಾಲು:
ಜಂತುಹುಳ ಒಂದೇ ಅಲ್ಲ, ಕೊಕ್ಕೆಹುಳವೂ ಇದೆ. ಅದು ಬಾಯಿಗೇ ಹೋಗಬೇಕು ಅಂತಿಲ್ಲ, ಒದ್ದೆ ಮಣ್ಣು ಮರಳಿನಿಂದ ಸೀದಾ ಚರ್ಮದೊಳಗೆ ನುಗ್ಗುತ್ತೆ. ನನ್ನ ಪಾದದ ಪಕ್ಕ ಅಂಕುಡೊಂಕಾಗಿ ಕೆಂಪು ಗೆರೆ ಎದ್ದಿತ್ತು. ಅದರ ತುದಿಗೆ ಪೆನ್ನಿನಲ್ಲಿ ಗುರುತು ಹಾಕಿದೆ, ಮಾರನೇ ದಿನ ನೋಡಿದರೆ ಗೆರೆ ಗುರುತು ದಾಟಿ ಹೋಗಿದೆ! ರಾತ್ರಿಯಿಡೀ ತುರಿಕೆ. ಚರ್ಮದ ಡಾಕ್ಟ್ರು ನೋಡಿದ ಕೂಡಲೇ ಗುರುತು ಹಿಡಿದು ಮಾತ್ರೆ ಕೊಟ್ಟರು, ಹೋಯ್ತು.

ಮೂರುಮಕ್ಕಳಮ್ಮ:
ನಮ್ಮ ಮಗ ರಾತ್ರಿ ಹೊತ್ತು ಹಿಂದುಗಡೆ ಕೆರ್ಕೊಳ್ತಾನೆ, ಸಣ್ಣ ಬಿಳಿ ಹುಳ ಕಾಣುತ್ತೆ. ನಾಯಿಯಿಂದಲೇ ಅಲ್ವಾ?

ಪಶುವೈದ್ಯೆ:
ಅಲ್ಲ. ಅದು ಹೆಚ್ಚಾಗಿ ಎಳೆಹುಳ, ಮನುಷ್ಯರಿಂದ ಮನುಷ್ಯರಿಗೇ ಬರುವುದು. ಪಾಪ, ನಾಯಿ ಮೇಲೆ ಸುಮ್ನೆ ಅಪವಾದ. ಮಕ್ಕಳ ಡಾಕ್ಟ್ರಿಗೆ ತೋರಿಸಿ, ಸಾಮಾನ್ಯವಾಗಿ ಮನೆಯವರೆಲ್ಲ ಒಟ್ಟಿಗೆ ಮಾತ್ರೆ ತಗೋಬೇಕಾಗುತ್ತೆ.

ಬಾಲದವನು:
ನಾಯಿ ಬಾಲದ ಕೆಳಗೆ ಅಕ್ಕಿಕಾಳಿನ ಹಾಗೆ ಅಂಟಿಕೊಂಡಿರುತ್ತಲ್ಲ, ಅದು?

ಪಶುವೈದ್ಯೆ:
ಅದು ಲಾಡಿಹುಳದ ತುಂಡು. ಚಿಗಟ ನುಂಗಿದರೆ ಬರುತ್ತೆ, ಹಾಗಾಗಿ ಚಿಗಟ ಬಿಟ್ಟು ಬರೀ ಹುಳಕ್ಕೆ ಔಷಧಿ ಕೊಟ್ಟರೆ ಮತ್ತೆ ಬರುತ್ತೆ. ಮಗು ಅಕಸ್ಮಾತ್ ಚಿಗಟ ನುಂಗಿದರೆ ಅದಕ್ಕೂ ಬರಬಹುದು, ಆದರೆ ದೊಡ್ಡ ತೊಂದರೆ ಅಲ್ಲ. ನನಗೆ ನಿಜವಾಗಿ ಭಯ ಇರುವುದು ಇನ್ನೊಂದು ಲಾಡಿಹುಳದ್ದು, ಎಕಿನೊಕಾಕಸ್. ಉದ್ದ ಒಂದು ಸೆಂಟಿಮೀಟರ್ ಕೂಡ ಇಲ್ಲ, ಕಕ್ಕದಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ. ಕುರಿಯ ಹಸಿ ಈಲಿ, ಶ್ವಾಸಕೋಶ ತಿಂದ ನಾಯಿಗೆ ಬರುತ್ತೆ, ಇದರ ಮೊಟ್ಟೆ ಮಾತ್ರ ಹೊರಬಿದ್ದ ಕ್ಷಣದಿಂದಲೇ ಅಪಾಯ. ಮನುಷ್ಯರ ಈಲಿಯಲ್ಲಿ ನೀರುಗುಳ್ಳೆಯಾಗಿ ಯಾರಿಗೂ ಗೊತ್ತಾಗದೆ ವರ್ಷಗಟ್ಟಲೆ ಬೆಳೆಯುತ್ತೆ. ಜಂತುಹುಳಕ್ಕೆ ಕೊಡುವ ಪೈರಾಂಟೆಲ್ ಇದಕ್ಕೆ ಸಾಲದು, ಪ್ರಾಜಿಕ್ವಾಂಟೆಲ್ ಬೇಕು. ನಾಯಿಗೆ ಹಸಿ ಒಳಮಾಂಸ ಹಾಕುವವರು ಬೇಯಿಸಿ ಹಾಕಿ.

ಹೊಸಮರಿ:
ತುಂಬಾ ಥ್ಯಾಂಕ್ಸ್. ನಾಳೆ ಬೆಳಿಗ್ಗೆಯೇ ಮರಿಗೆ ತೋರಿಸ್ತೀನಿ. ಮಗಳಿಗೂ ಈಗಲೇ ಏನಾದರೂ ಟೆಸ್ಟ್ ಮಾಡಿಸಬೇಕಾ?

ಪಶುವೈದ್ಯೆ:
ಆರಾಮಾಗಿದ್ದರೆ ಓಡಬೇಕಾಗಿಲ್ಲ. ಜ್ವರ ಬಿಡದೆ ಇದ್ದರೆ, ಕೆಮ್ಮು ಉಬ್ಬಸ ಬಂದರೆ, ಅಥವಾ ಒಂದು ಕಣ್ಣು ಮಂಜಾಗಿ ಮೆಳ್ಳೆಗಣ್ಣಿನ ಹಾಗೆ ಕಂಡರೆ ಮಕ್ಕಳ ಡಾಕ್ಟ್ರ ಹತ್ರ ಹೋಗಿ, ಮನೆಯಲ್ಲಿ ನಾಯಿಮರಿ ಇದೆ ಅಂತ ನೀವೇ ಹೇಳಿ. ಮಗುವಿನ ಮಲ ಪರೀಕ್ಷೆಯಲ್ಲಿ ಇದು ಸಿಗಲ್ಲ, ನಾಯಿಯ ಜಂತುಹುಳ ನಮ್ಮ ಕರುಳಿನಲ್ಲಿ ಬೆಳೆದು ಮೊಟ್ಟೆ ಇಡುವುದಿಲ್ಲ. ರಕ್ತ ಪರೀಕ್ಷೆ ಬೇಕಾ ಅಂತ ಅವರೇ ನೋಡ್ತಾರೆ.