60 ಗಿಗಾಹರ್ಟ್ಸ್ ಫೈಬರ್ ಮೇಲೆ: ಅಗ್ಗದ ಡಿಎಫ್‌ಬಿ ಲೇಸರ್‌ಗಳ ಬೀಟ್ ಒಂದೆಡೆ ನಿಲ್ಲುತ್ತಿಲ್ಲ

ತಂತು_ತರಂಗ:
ಎಲ್ಲರಿಗೂ ನಮಸ್ಕಾರ. ಎರಡು ಲೇಸರ್‌ಗಳ ಬೆಳಕು ಬೆರೆಸಿ, ಅವುಗಳ ಆವೃತ್ತಿ ವ್ಯತ್ಯಾಸದಿಂದ (ಬೀಟ್) 60 ಗಿಗಾಹರ್ಟ್ಸ್ ಸಿಗ್ನಲ್ ಹುಟ್ಟಿಸಿ ಫೈಬರ್ ಮೂಲಕ ಡೇಟಾ ಕಳಿಸುವ ಪ್ರಯತ್ನ ನನ್ನದು. 1550 ನ್ಯಾನೋಮೀಟರ್‌ನ ಎರಡು ಡಿಎಫ್‌ಬಿ ಲೇಸರ್ (ಒಂದೇ ತರಂಗಾಂತರ ಕೊಡುವ ಸೆಮಿಕಂಡಕ್ಟರ್ ಲೇಸರ್; 14 ಪಿನ್ ಬಟರ್‌ಫ್ಲೈ ಕವಚ, ತಲಾ 10 ಮಿಲಿವ್ಯಾಟ್), 50:50 ಕಪ್ಲರ್, 20 ಕಿ.ಮೀ. ಮಾಮೂಲಿ ಸಿಂಗಲ್ ಮೋಡ್ ಫೈಬರ್, ಕೊನೆಗೆ 70 ಗಿಗಾಹರ್ಟ್ಸ್ ಫೋಟೋಡಯೋಡ್. ಡೇಟಾ ಹಾಕುವ ಮಾಡ್ಯುಲೇಟರ್ ಇರುವುದು ಒಂದು ಲೇಸರಿಗೆ ಮಾತ್ರ. ಬೀಟ್ 60 ಗಿಗಾಹರ್ಟ್ಸ್‌ಗೆ ಬರುತ್ತದೆ, ಆದರೆ ಕೆಲವೇ ನಿಮಿಷಗಳಲ್ಲಿ ನೂರಾರು ಮೆಗಾಹರ್ಟ್ಸ್ ಜರುಗುತ್ತದೆ. ಬೀಟ್‌ನ ಲೈನ್‌ವಿಡ್ತ್ (ಆವೃತ್ತಿ ಹರಡಿರುವ ಅಗಲ) 3-4 ಮೆಗಾಹರ್ಟ್ಸ್. 120 ಕಿಲೋಹರ್ಟ್ಸ್ ಸಬ್‌ಕ್ಯಾರಿಯರ್‌ನ ಒಎಫ್‌ಡಿಎಂ (ಡೇಟಾವನ್ನು ಹಲವು ಕಿರಿದಾದ ಸಬ್‌ಕ್ಯಾರಿಯರ್‌ಗಳಿಗೆ ಹಂಚುವ ವಿಧಾನ) ಕಳಿಸಿದರೆ ಕಾನ್‌ಸ್ಟೆಲೇಶನ್ (ಸಂಕೇತಗಳು ಚುಕ್ಕೆಗಳಾಗಿ ಕಾಣುವ ನಕ್ಷೆ) ಬರೀ ಮೋಡ. ದುಬಾರಿ ಲೇಸರ್ ಕೊಳ್ಳದೆ ದಾರಿಯಿದೆಯೇ? ಇನ್ನೊಂದು: ಡಯೋಡಿಗೆ ತಲಾ 1 ಮಿಲಿವ್ಯಾಟ್ ಬಿದ್ದರೂ ಔಟ್‌ಪುಟ್ −21 ಡಿಬಿಎಂ. ಡಯೋಡ್ ಕೆಟ್ಟಿದೆಯೇ?

ಬೆಳಕಿನ_ಬೀಟ್:
ಡಯೋಡ್ ಸರಿಯಾಗಿಯೇ ಇದೆ. 0.6 ಆಂಪ್/ವ್ಯಾಟ್ ಎಂದು ಹಿಡಿದರೆ 50 ಓಮ್‌ಗೆ −14.4 ಡಿಬಿಎಂ. ಒಳಗಿನ 50 ಓಮ್ ಟರ್ಮಿನೇಶನ್ ಅದರಲ್ಲಿ 6 ಡಿಬಿ ನುಂಗುತ್ತದೆ.

ಡ್ರಿಫ್ಟ್ (ಆವೃತ್ತಿ ನಿಧಾನವಾಗಿ ಜರುಗುವುದು) ಮತ್ತು ಫೇಸ್ ನಾಯ್ಸ್ (ಲೈನನ್ನು ಅಗಲಿಸುವ ವೇಗದ ನಡುಕ) ಎರಡು ಬೇರೆ ಕಾಯಿಲೆ. ಡಿಎಫ್‌ಬಿ ತಾಪಮಾನದ ಒಂದು ಡಿಗ್ರಿಗೆ ಸುಮಾರು 0.1 ನ್ಯಾನೋಮೀಟರ್, ಅಂದರೆ 12.5 ಗಿಗಾಹರ್ಟ್ಸ್ ಸರಿಯುತ್ತದೆ. 0.01 ಡಿಗ್ರಿಗೆ 125 ಮೆಗಾಹರ್ಟ್ಸ್ ಆಯಿತು. 10 ಕಿಲೋಓಮ್ ಥರ್ಮಿಸ್ಟರ್‌ನಲ್ಲಿ (ತಾಪ ಅಳೆಯುವ ರೆಸಿಸ್ಟರ್) ಅದು ಬರೀ 4-5 ಓಮ್. ಎರಡೂ ಲೇಸರನ್ನು ಒಂದೇ ದಪ್ಪ ಅಲ್ಯೂಮಿನಿಯಂ ಹಲಗೆಗೆ ಕೂರಿಸಿ, ಫ್ಯಾನ್ ಗಾಳಿ ತಾಗದಂತೆ ಮುಚ್ಚಿ. ಕರೆಂಟ್ ಕಡೆ 1 ಮಿಲಿಆಂಪ್‌ಗೆ ಸರಿಸುಮಾರು 1 ಗಿಗಾಹರ್ಟ್ಸ್, ಹಾಗಾಗಿ 1 ಮೈಕ್ರೋಆಂಪ್ ರಿಪಲ್ ಇದ್ದರೂ 1 ಮೆಗಾಹರ್ಟ್ಸ್ ಅಲುಗಾಟ. ಡ್ರೈವರನ್ನು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಲೈನ್ ಕಿರಿದಾದರೆ ಕಳ್ಳ ಪವರ್ ಸಪ್ಲೈ.

ಉಳಿಯುವುದು ಲೇಸರಿನ ಸ್ವಂತ ಲೈನ್‌ವಿಡ್ತ್. ಸಂಬಂಧವಿಲ್ಲದ ಎರಡು ಲೇಸರ್‌ಗಳ ಬೀಟ್‌ನಲ್ಲಿ ಎರಡರದ್ದೂ ಕೂಡಿಕೊಳ್ಳುತ್ತದೆ. ಅದರ ಮೇಲೆ 120 ಕಿಲೋಹರ್ಟ್ಸ್ ಒಎಫ್‌ಡಿಎಂ ನಡೆಯುವುದೇ ಇಲ್ಲ.

ಕೋಂಬ್_ಪ್ರಿಯ:
ಎರಡೂ ಲೈನ್ (ಒಂದೊಂದು ಆವೃತ್ತಿಯ ಬೆಳಕು) ಒಂದೇ ಲೇಸರಿನಿಂದ ಹುಟ್ಟಿದರೆ ಇಬ್ಬರ ಫೇಸ್ ನಾಯ್ಸ್ ಒಂದೇ, ಬೀಟ್‌ನಲ್ಲಿ ಕಳೆದುಹೋಗುತ್ತದೆ. ಆರ್‌ಎಫ್ ಪಿನ್ ಇರುವ ಡಿಎಫ್‌ಬಿಯನ್ನು ಥ್ರೆಶೋಲ್ಡ್‌ನ (ಲೇಸರ್ ಹೊತ್ತಿಕೊಳ್ಳುವ ಕರೆಂಟ್) ಮೂರು-ನಾಲ್ಕು ಪಟ್ಟು ಬಯಾಸ್‌ನಲ್ಲಿಟ್ಟು 12 ಗಿಗಾಹರ್ಟ್ಸ್ ಸೈನ್ ತರಂಗವನ್ನು 24 ಡಿಬಿಎಂ ಆಸುಪಾಸಿನಲ್ಲಿ ಕೊಡಿ. ಹೀಗೆ ಲೇಸರನ್ನು ವೇಗವಾಗಿ ಹೊತ್ತಿಸಿ ಆರಿಸುವ ಗೇನ್ ಸ್ವಿಚಿಂಗ್‌ನಿಂದ ಕೋಂಬ್, ಅಂದರೆ 12 ಗಿಗಾಹರ್ಟ್ಸ್ ಅಂತರದ ಲೈನ್‌ಗಳ ಸಾಲು, ಬರುತ್ತದೆ. ಐದು ಹೆಜ್ಜೆ ದೂರದ ಎರಡು ಲೈನ್ ಆರಿಸಿದರೆ 60. ಸಿಂಥಸೈಜರ್‌ನ ಫೇಸ್ ನಾಯ್ಸ್ 14 ಡಿಬಿ ಏರುತ್ತದೆ, ಆದರೂ ಈಗಿನದಕ್ಕಿಂತ ಎಷ್ಟೋ ವಾಸಿ.

ಲೈನ್ ಆರಿಸಲು ಸರ್ಕ್ಯುಲೇಟರ್ (ಹೋಗುವ, ಬರುವ ಬೆಳಕನ್ನು ಬೇರ್ಪಡಿಸುವ ಭಾಗ) ಮೂಲಕ ಎರಡು ಸ್ಲೇವ್ ಲೇಸರ್‌ಗಳನ್ನು ಇಂಜೆಕ್ಷನ್ ಲಾಕ್ ಮಾಡಿ, ಅಂದರೆ ಕೋಂಬ್ ಬೆಳಕನ್ನು ಅವುಗಳೊಳಗೆ ಹಾಯಿಸಿ ತಲಾ ಒಂದು ಲೈನನ್ನು ಹಿಂಬಾಲಿಸುವಂತೆ ಮಾಡಿ. ಬಹಳ ಜನ ಎಡವುವುದು ಇಲ್ಲೇ: ಬಟರ್‌ಫ್ಲೈ ಡಿಎಫ್‌ಬಿಗಳಲ್ಲಿ ಹೆಚ್ಚಿನವಕ್ಕೆ ಐಸೊಲೇಟರ್ ಒಳಗೇ ಇರುತ್ತದೆ, ಹೊರಗಿನ ಬೆಳಕು ಒಳಹೋಗದು. ಐಸೊಲೇಟರ್ ಇಲ್ಲದ್ದನ್ನೇ ಕೇಳಿ ತನ್ನಿ. ಪೋಲರೈಸೇಶನ್ ಹೊಂದಿಸಿ. ಸ್ಲೇವ್‌ನ ಸ್ವಂತ ಆವೃತ್ತಿ ಕೋಂಬ್ ಲೈನ್‌ಗಿಂತ ಕೊಂಚ ಮೇಲಿದ್ದರೆ ಲಾಕ್ ಗಟ್ಟಿ. ಇಂಜೆಕ್ಷನ್ ಹೆಚ್ಚಾದರೆ ಪಕ್ಕದ ಲೈನ್‌ಗಳೂ ನುಸುಳುತ್ತವೆ, ಕಡಿಮೆಯಾದರೆ ಸ್ವಲ್ಪ ಬಿಸಿಗೇ ಲಾಕ್ ತಪ್ಪುತ್ತದೆ. ಎರಡು ಸ್ಲೇವ್ ಕವಲುಗಳ ಉದ್ದ ಸಮವಿರಲಿ. ಹತ್ತಾರು ಮೀಟರ್ ವ್ಯತ್ಯಾಸವಾದರೆ ಫೇಸ್ ನಾಯ್ಸ್ ಮತ್ತೆ ಬೇರೆಬೇರೆ.

20 ಕಿ.ಮೀ. ಡಿಸ್ಪರ್ಶನ್‌ಗೆ (ಬೇರೆ ತರಂಗಾಂತರಗಳು ಬೇರೆ ವೇಗದಲ್ಲಿ ಸಾಗುವುದು) ಹೆದರಬೇಡಿ. ಎರಡು ಲೈನ್‌ಗಳ 0.48 ನ್ಯಾನೋಮೀಟರ್ (60 ಗಿಗಾಹರ್ಟ್ಸ್) ಅಂತರಕ್ಕೆ 163 ಪಿಕೋಸೆಕೆಂಡ್ ತಡ, 3 ಸೆಂ.ಮೀ. ಫೈಬರಿನಷ್ಟು. ಒಂದೇ ಲೈನ್‌ಗೆ ಡೇಟಾ ಹಾಕಿದ್ದು ಒಳ್ಳೆಯದಾಯಿತು. 60 ಗಿಗಾಹರ್ಟ್ಸನ್ನೇ ನೇರವಾಗಿ ಡಬಲ್ ಸೈಡ್‌ಬ್ಯಾಂಡ್ (ಒಂದು ಲೈನಿನ ಎರಡೂ ಬದಿಗೆ ಸಿಗ್ನಲ್ ಬರುವಂತೆ) ಮಾಡ್ಯುಲೇಟ್ ಮಾಡಿದ್ದರೆ ಮೊದಲ ಕಿಲೋಮೀಟರಿಗೇ ಸಿಗ್ನಲ್ ಸೊನ್ನೆ.

ಸರಳ_ರಿಸೀವರ್:
ಇಷ್ಟೆಲ್ಲ ಸರ್ಕಸ್ ಯಾಕೆ ಸರ್? ಗಿಗಾಬಿಟ್ ದಾಟಿಸಿದರೆ ಸಾಕು ಎಂದಾದರೆ ಆನ್-ಆಫ್ ಕೀಯಿಂಗ್ (ಸಿಗ್ನಲ್ ಇದ್ದರೆ 1, ಇಲ್ಲದಿದ್ದರೆ 0) ಮಾಡಿ, ರಿಸೀವರ್‌ನಲ್ಲಿ ಸಿಗ್ನಲ್‌ನ ಎತ್ತರ ಮಾತ್ರ ನೋಡುವ ಶಾಟ್ಕಿ ಡಯೋಡ್ ಎನ್ವಲಪ್ ಡಿಟೆಕ್ಟರ್ ಇಡಿ. ಅದಕ್ಕೆ ಫೇಸ್ ಕಾಣುವುದೇ ಇಲ್ಲ. 200 ಮೆಗಾಹರ್ಟ್ಸ್ ಡ್ರಿಫ್ಟ್ ಆದರೂ ಫಿಲ್ಟರ್ ಒಳಗೇ ಇರುತ್ತದೆ. ಒಎಫ್‌ಡಿಎಂ ಬೇಕೇ ಬೇಕೆಂದರೆ ಕ್ಯಾರಿಯರನ್ನು (ಡೇಟಾ ಹೊರುವ ಮೂಲ ತರಂಗ) ಅದುಮದೆ ಜೊತೆಗೇ ಕಳಿಸಿ. ಡಿಟೆಕ್ಟರ್‌ನಲ್ಲಿ ಅದು ಡೇಟಾ ಜೊತೆ ಬೆರೆತಾಗ ಇಬ್ಬರಲ್ಲೂ ಇರುವ ಫೇಸ್ ನಾಯ್ಸ್ ರದ್ದು. ಆದರೆ ಕ್ಯಾರಿಯರ್-ಡೇಟಾ ನಡುವೆ ಡೇಟಾ ಬ್ಯಾಂಡ್‌ವಿಡ್ತ್‌ನಷ್ಟೇ ಖಾಲಿ ಜಾಗ ಬಿಡಬೇಕು, ಇಲ್ಲವಾದರೆ ಡೇಟಾ ತನ್ನೊಂದಿಗೇ ಬೆರೆತು ಹುಟ್ಟಿಸುವ ಕಸ ಅದರ ಮೇಲೆಯೇ ಬೀಳುತ್ತದೆ. ಆಂಪ್ಲಿಫೈಯರ್ ಪವರ್‌ನ ದೊಡ್ಡ ಪಾಲೂ ಕ್ಯಾರಿಯರಿಗೇ ಹೋಗುತ್ತದೆ.

ತಂತು_ತರಂಗ:
ನನ್ನ ಬಟರ್‌ಫ್ಲೈಗಳ ಡೇಟಾಶೀಟ್ ನೋಡಿದೆ, ಎರಡರಲ್ಲೂ ಐಸೊಲೇಟರ್ ಇದೆ. ಸ್ಲೇವ್‌ಗೆ ಟಿಇಸಿ (ಒಳಗಿನ ಪೆಲ್ಟಿಯರ್ ಕೂಲರ್) ಇಲ್ಲದ ಟಿಒ ಕ್ಯಾನ್ (ಪುಟ್ಟ ಲೋಹದ ಡಬ್ಬಿಯ) ಲೇಸರ್ ಆದೀತೇ?

ಕೋಂಬ್_ಪ್ರಿಯ:
ಆಗುತ್ತದೆ, ಆದರೆ ಹೊರಗೆ ಪೆಲ್ಟಿಯರ್ ಕಟ್ಟಲೇಬೇಕು. ತಾಮ್ರದ ತುಂಡಿಗೆ ತೂತು ಕೊರೆದು ಕ್ಯಾನ್ ತೂರಿಸಿ, ಥರ್ಮಿಸ್ಟರನ್ನು ಕ್ಯಾನ್ ಬುಡಕ್ಕೇ ಅಂಟಿಸಿ. ಪೆಲ್ಟಿಯರ್ ಪಕ್ಕ ಅಂಟಿಸಿದರೆ ಅದು ಪೆಲ್ಟಿಯರ್‌ನ ತಾಪಮಾನ ಹೇಳುತ್ತದೆ, ಲೇಸರಿನದ್ದಲ್ಲ.