ಅತಿ ಕಠಿಣ ವಿಷಯ ಯಾವುದು? ನಮ್ಮ ಕುಟುಂಬದ ಗುಂಪಿನಲ್ಲಿ ನಡೆದ ಚರ್ಚೆ

ಭಾನುವಾರ ಬೆಳಿಗ್ಗೆ ತಮ್ಮ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಪಟ್ಟಿಯನ್ನು ಕಳುಹಿಸಿದ. ಕಲಿಯಲು ಅತಿ ಕಠಿಣವಾದ ಹತ್ತು ವಿಷಯಗಳು ಎಂಬ ಶೀರ್ಷಿಕೆಯಿದ್ದ ಆ ಪಟ್ಟಿಯಲ್ಲಿ ಕ್ವಾಂಟಂ ಭೌತವಿಜ್ಞಾನ ಮೊದಲನೆಯದು, ಗಣಿತ ಮೂರನೆಯದು; ವ್ಯಾಕರಣದ ಹೆಸರೇ ಇರಲಿಲ್ಲ. ಆಮೇಲೆ ಬಂದ ಮಾತುಗಳನ್ನು ಬಂದ ಕ್ರಮದಲ್ಲಿಯೇ ಇಲ್ಲಿ ಕೊಡುತ್ತಿದ್ದೇನೆ.

ಸೋದರಮಾವ: ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ನಾನು ಈ ಪಟ್ಟಿಯನ್ನು ಒಪ್ಪಲಾರೆ. ‘ಅವನಿಗೆ ಹಸಿವಾಯಿತು’ ಎಂಬ ವಾಕ್ಯದಲ್ಲಿ ಕರ್ತೃ ಯಾವುದೆಂದು ಯಾರನ್ನಾದರೂ ಕೇಳಿ ನೋಡಿ. ಹಸಿದವನು ಅವನೇ, ಆದರೆ ಅವನಿಗೆ ಹತ್ತಿರುವುದು ಚತುರ್ಥಿ ವಿಭಕ್ತಿ. ಕ್ರಿಯಾಪದ ಹೊಂದಿಕೊಂಡಿರುವುದು ‘ಹಸಿವು’ ಎಂಬ ಪದದೊಂದಿಗೆ. ಹುಟ್ಟಿದಂದಿನಿಂದ ಆಡುತ್ತಿರುವ ಮಾತನ್ನೇ ಅದರ ಹೊರಗೆ ನಿಂತು ನೋಡುವುದಕ್ಕಿಂತ ಅಮೂರ್ತವಾದ ಕೆಲಸ ಯಾವುದಿದೆ? ಪಾಣಿನಿಯು ‘ಅದರ್ಶನಂ ಲೋಪಃ’ ಎಂದು, ಕಾಣದೆ ಹೋಗುವುದಕ್ಕೂ ಒಂದು ಹೆಸರು ಕೊಟ್ಟು ಅದನ್ನು ನಿಯಮದೊಳಗೆ ತಂದ. ‘ಊರೂರು’ ಎಂಬಲ್ಲಿ ಮೊದಲ ‘ಊರು’ವಿನ ಉಕಾರ ಎಲ್ಲಿ ಹೋಯಿತೆಂದು ಕೇಳುವ ಮಗುವಿಗೆ, ಇಲ್ಲದಿರುವುದನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ತಿಳಿಸುವುದು ಸುಲಭವಲ್ಲ.

ತಮ್ಮ: ಮಾವ, ನೀವು ಹೇಳುವ ಕಷ್ಟ ನಿಜ. ಆದರೆ ವ್ಯಾಕರಣ ತಿಳಿಯದವನೂ ಸರಿಯಾಗಿ ಮಾತನಾಡುತ್ತಾನೆ. ಕ್ವಾಂಟಂನಲ್ಲಿ ಅಂಥ ಆಸರೆಯೇ ಇಲ್ಲ. 1925ರಲ್ಲಿ ಜರ್ಮನಿಯ ಭೌತವಿಜ್ಞಾನಿ ಹೈಸನ್‌ಬರ್ಗ್ ತನ್ನ ಲೆಕ್ಕದಲ್ಲಿ ಎರಡು ರಾಶಿಗಳನ್ನು ಗುಣಿಸುವ ಕ್ರಮ ಬದಲಾದರೆ ಉತ್ತರವೂ ಬದಲಾಗುವುದನ್ನು ಕಂಡು ತಾನೇ ಕಳವಳಪಟ್ಟ. ಅವು ಗಣಿತಜ್ಞರಿಗೆ ಮೊದಲೇ ಗೊತ್ತಿದ್ದ ಮಾತೃಕೆಗಳು, ಅಂದರೆ ಅಡ್ಡಸಾಲು-ಕಂಬಸಾಲುಗಳಲ್ಲಿ ಜೋಡಿಸಿದ ಸಂಖ್ಯೆಗಳು, ಎಂದು ಗುರುತಿಸಿದವನು ಇನ್ನೊಬ್ಬ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್.

ನಾನು: ಹಾಗಾದರೆ ಹೈಸನ್‌ಬರ್ಗ್ ಎಡವಿದ್ದು ಗಣಿತದಲ್ಲಿಯೇ ಎಂದಾಯಿತು. ನನ್ನ ಮಟ್ಟಿಗೆ, ಯಾವ ವಿಷಯವೂ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನೆ ಕಠಿಣವಲ್ಲ. ಕೈಗೆ ಸಿಗುತ್ತಿದ್ದ ವಸ್ತು ಜಾರಿಹೋಗಿ ಬರಿಯ ನಿಯಮ ಉಳಿಯುವ ಒಂದು ಜಾಗ ಪ್ರತಿಯೊಂದರಲ್ಲೂ ಇರುತ್ತದೆ, ಕಲಿಯುವವನು ಮುಗ್ಗರಿಸುವುದು ಅಲ್ಲಿ. ಋಣಸಂಖ್ಯೆಯನ್ನೇ ನೋಡಿ. 628ರಲ್ಲಿ ಬ್ರಹ್ಮಗುಪ್ತನು ಧನವೆಂದರೆ ಆಸ್ತಿ, ಋಣವೆಂದರೆ ಸಾಲ ಎಂಬಂತೆ ನಿಯಮಗಳನ್ನು ಕೊಟ್ಟ. ಸಾಲವನ್ನು ಯಾರು ಬೇಕಾದರೂ ಊಹಿಸಬಹುದು. ಆದರೆ ಸಾಲದ ವರ್ಗಮೂಲ ಎಂದರೇನು? ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಋಣರಾಶಿಯು ಸ್ವಭಾವತಃ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಬರೆದರು. ಋಣಸಂಖ್ಯೆಯ ವರ್ಗಮೂಲದೊಂದಿಗೆ ಲೆಕ್ಕ ಮಾಡುವ ನಿಯಮಗಳನ್ನು ಇಟಲಿಯ ಬಾಂಬೆಲ್ಲಿ ಅಚ್ಚು ಹಾಕಿಸಿದ್ದು 1572ರಲ್ಲಿ. ಅಷ್ಟು ದೊಡ್ಡವರು ನಿಂತುಬಿಟ್ಟ ಜಾಗದಲ್ಲಿ ನಾನು ಪಿಯುಸಿಯಲ್ಲಿ ನಿಂತು ಪ್ರಶ್ನೆ ಕೇಳಿದಾಗ, ಇದೆಯೆಂದು ಒಪ್ಪಿಕೊಂಡು ಬರೆದುಕೋ ಎಂಬ ಉತ್ತರ ಬಂತು. ನಾನು ಗಣಿತವನ್ನು ಬಿಟ್ಟದ್ದು ಆ ವಾರವೇ, ಮತ್ತು ಆ ನೋವು ಈಗಲೂ ಇದೆ.

ಅಕ್ಕ: ನೀನು ಬಿಟ್ಟದ್ದಕ್ಕೆ ನನಗೂ ಬೇಸರವಿದೆ. ಆದರೂ ನಿನ್ನ ಮಾತನ್ನು ಪೂರ್ತಿ ಒಪ್ಪುವುದಿಲ್ಲ. ಬಿಎಸ್ಸಿ ಮೊದಲ ವರ್ಷದವರಿಗೆ ಲಿಮಿಟ್, ಅಂದರೆ ವಕ್ರರೇಖೆ ಒಂದು ಬೆಲೆಗೆ ಹತ್ತಿರವಾಗುತ್ತ ಹೋಗುವುದರ, ಪಾಠ ಮಾಡುವಾಗ ವಸ್ತು ಕಣ್ಣೆದುರಿಗೇ ಇರುತ್ತದೆ, ವಕ್ರರೇಖೆಯನ್ನು ಬೋರ್ಡಿನ ಮೇಲೆ ಬರೆದಿರುತ್ತೇನೆ. ಮಕ್ಕಳು ಎಡವುವುದು ಅದರ ವ್ಯಾಖ್ಯೆಯ ವಾಕ್ಯದಲ್ಲಿ. ನ್ಯೂಟನ್, ಲೈಬ್ನಿಟ್ಸ್ ಹದಿನೇಳನೆಯ ಶತಮಾನದಲ್ಲಿ ಕಲನಶಾಸ್ತ್ರವನ್ನು ಕಟ್ಟಿದರೂ ಆ ವಾಕ್ಯ ಈಗಿನ ಖಚಿತ ರೂಪಕ್ಕೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಜರ್ಮನಿಯ ಗಣಿತಜ್ಞ ವೈಯರ್‌ಸ್ಟ್ರಾಸ್ ಕೈಯಲ್ಲಿ. ಉತ್ತರ ಗುರಿಗೆ ಎಷ್ಟು ಹತ್ತಿರವಿರಬೇಕೆಂಬ ಅಳತೆ ಎಪ್ಸಿಲಾನ್, ಅದಕ್ಕಾಗಿ x ಎಷ್ಟು ಹತ್ತಿರ ಬರಬೇಕೆಂಬ ಅಳತೆ ಡೆಲ್ಟಾ. ಎಪ್ಸಿಲಾನ್ ಎಷ್ಟೇ ಚಿಕ್ಕದಾಗಿರಲಿ, ಅದಕ್ಕೆ ತಕ್ಕ ಒಂದು ಡೆಲ್ಟಾ ಇರಬೇಕು. ಮಕ್ಕಳು ಒಂದೇ ಡೆಲ್ಟಾ ಎಲ್ಲ ಎಪ್ಸಿಲಾನ್‌ಗೂ ಸಾಕೆಂದು ಓದಿಕೊಳ್ಳುತ್ತಾರೆ, ಅಲ್ಲಿಗೆ ಮುಂದಿನ ಪ್ರಮೇಯಗಳೆಲ್ಲ ಕುಸಿಯುತ್ತವೆ. ನಾನು ಬೋರ್ಡಿನ ಮೇಲೆ ಎರಡು ವಾಕ್ಯ ಬರೆಯುತ್ತೇನೆ: ‘ಪ್ರತಿ ಬೀಗಕ್ಕೂ ಒಂದು ಕೀಲಿಕೈ ಹೊಂದುತ್ತದೆ’, ‘ಒಂದು ಕೀಲಿಕೈ ಪ್ರತಿ ಬೀಗಕ್ಕೂ ಹೊಂದುತ್ತದೆ’. ಎರಡನೆಯದು ನಿಜವಾದರೆ ಊರಿನಲ್ಲಿ ಯಾರೂ ಬೀಗ ಹಾಕಿ ಪ್ರಯೋಜನವಿಲ್ಲ ಎಂದಾಗ ಹಿಂದಿನ ಬೆಂಚಿನವರಿಗೂ ವ್ಯತ್ಯಾಸ ಹೊಳೆಯುತ್ತದೆ.

ತಮ್ಮ: ಅಕ್ಕಾ, ನಾನು ಆ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಯೇ ಪಾಸಾದೆ. ಒಂದೇ ಡೆಲ್ಟಾ ಎಂದೇ ಇಷ್ಟು ದಿನ ತಿಳಿದಿದ್ದೆ.

ಸೋದರಮಾವ: ಮಗಳೇ, ನಿನ್ನ ಎರಡು ವಾಕ್ಯಗಳನ್ನು ಕಾಗದದ ಮೇಲೆ ಬರೆದುಕೊಂಡು ಅರ್ಧ ಗಂಟೆಯಿಂದ ನೋಡುತ್ತಿದ್ದೇನೆ. ಎರಡರಲ್ಲೂ ಪದಗಳು ಅವೇ, ವಿಭಕ್ತಿಗಳೂ ಅವೇ. ಬದಲಾದದ್ದು ಸ್ಥಾನ ಮಾತ್ರ. ಕನ್ನಡದಲ್ಲಿ ವಿಭಕ್ತಿಪ್ರತ್ಯಯ ಇರುವುದರಿಂದ ಪದಗಳನ್ನು ಹಿಂದೆಮುಂದೆ ಮಾಡಿದರೂ ಅರ್ಥ ಕೆಡುವುದಿಲ್ಲವೆಂದು ನಾನು ಮೂವತ್ತು ವರ್ಷ ಕಲಿಸಿದ್ದೇನೆ. ಇಲ್ಲಿ ಅರ್ಥವೇ ಬೇರೆಯಾಯಿತಲ್ಲ! ಆ ಎಪ್ಸಿಲಾನ್ ಇರುವ ಪುಟದ ಫೋಟೋ ತೆಗೆದು ಕಳುಹಿಸು, ಕನ್ನಡಕ ಹಾಕಿಕೊಂಡು ಕುಳಿತಿದ್ದೇನೆ.